ಬೀಳು ಹೊಲದ ಲೆಕ್ಕ

ಕಳೆದ ವರ್ಷ ದೀಪಾವಳಿಗೆ ಹದಿನೈದು ದಿನ ಇದ್ದಾಗ ಆಫೀಸಿನಲ್ಲಿ ನನಗೊಂದು ಸಣ್ಣ ಕೆಲಸ ಬಂತು. ಭಾರತ ಮತ್ತು ಚೀನಾ, ಈ ಎರಡು ನೆರೆಯ ದೇಶಗಳಲ್ಲಿ ಸಾಗುವಳಿ ಭೂಮಿ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ತೋರಿಸುವ ಒಂದು ಸ್ಲೈಡ್ ಮಾಡಬೇಕಿತ್ತು. ಎರಡು ಗೆರೆ, ಒಂದು ತಲೆಬರಹ, ಕೆಳಗೆ ಎರಡು ಸಾಲು. ಅರ್ಧ ದಿನದಲ್ಲಿ ಮುಗಿಯುತ್ತೆ ಅಂದ್ಕೊಂಡೆ.

ಅದೇ ವಾರ ಊರಿಂದ ಅಪ್ಪ ಫೋನ್ ಮಾಡಿದ್ರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ನಮ್ಮ ಆರು ಎಕರೆ ಹೊಲವನ್ನು ಸೋಲಾರ್ ಕಂಪನಿಯೊಂದು ಗುತ್ತಿಗೆಗೆ ಕೇಳ್ತಾ ಇದೆ, ಏನು ಮಾಡೋಣ ಅಂದ್ರು. ನಾನು ಎಕ್ಸೆಲ್‌ನಿಂದ ಕಣ್ಣು ತೆಗೆಯದೇ ಹೇಳಿದೆ: "ಕೊಟ್ಬಿಡಿ ಅಪ್ಪ. ಖಾಲಿ ಬಿದ್ದಿರೋ ಹೊಲ ತಾನೆ? ಯಾರಿಗೂ ನಷ್ಟ ಇಲ್ಲ."

ಆ ಕೊನೆಯ ಮಾತು ಎಷ್ಟು ನಿಜ ಅಂತ ತಿಳಿಯೋಕೆ ನನಗೆ ಒಂದು ಹಬ್ಬದ ರಜೆ ಪೂರ್ತಿ ಬೇಕಾಯ್ತು.

ಮೊದಲು ಸ್ಲೈಡಿನ ಕಥೆ ಹೇಳ್ತೀನಿ. ಭಾರತದ ಗೆರೆ ಸುಲಭವಾಗಿ ಬಂತು. 1950-51ರಲ್ಲಿ ನಮ್ಮ ನಿವ್ವಳ ಬಿತ್ತನೆ ಪ್ರದೇಶ ಸುಮಾರು 11.9 ಕೋಟಿ ಹೆಕ್ಟೇರ್. 1970ರ ಹೊತ್ತಿಗೆ ಅದು 14 ಕೋಟಿ ಮುಟ್ಟಿತು. ಆಮೇಲೆ ಅರ್ಧ ಶತಮಾನದಿಂದ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ. ಜನ ಎರಡು ಪಟ್ಟಿಗಿಂತ ಜಾಸ್ತಿ ಆದ್ರೂ ನೆಲ ಅಷ್ಟೇ. ಒಂದೇ ಹೊಲದಲ್ಲಿ ವರ್ಷಕ್ಕೆ ಎರಡು, ಮೂರು ಬೆಳೆ ತೆಗೆದು ದೇಶ ಹೊಟ್ಟೆ ತುಂಬಿಸಿಕೊಂಡಿದೆ.

ಚೀನಾದ ಗೆರೆ ಮಾತ್ರ ನನ್ನನ್ನು ಎರಡು ದಿನ ಆಟ ಆಡಿಸಿತು. 1995ರವರೆಗೆ ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ಸುಮಾರು 9.5 ಕೋಟಿ ಹೆಕ್ಟೇರ್ ಸಾಗುವಳಿ ಭೂಮಿ. 1996ರ ಲೆಕ್ಕದಲ್ಲಿ ಏಕಾಏಕಿ 13 ಕೋಟಿ. ಒಂದು ವರ್ಷದಲ್ಲಿ 3.5 ಕೋಟಿ ಹೆಕ್ಟೇರ್ ಅಂದ್ರೆ ಹತ್ತಿರಹತ್ತಿರ ಎರಡು ಕರ್ನಾಟಕ. ನಾನೇ ಎಲ್ಲೋ ಸೊನ್ನೆ ತಪ್ಪು ಹಾಕಿದೀನಿ ಅಂತ ಮೂರು ಸಲ ನೋಡಿದೆ. ತಪ್ಪೇನೂ ಇರಲಿಲ್ಲ. ಅಲ್ಲಿ ಹೊಸ ಹೊಲ ಹುಟ್ಟಿರಲಿಲ್ಲ, ಅಷ್ಟು ವರ್ಷ ಲೆಕ್ಕಕ್ಕೆ ಸಿಗದೇ ಇದ್ದ ಹೊಲ ವಿವರವಾದ ಭೂ ಸಮೀಕ್ಷೆಯಲ್ಲಿ ಸಿಕ್ಕಿತ್ತು. ಜಾಸ್ತಿ ಹೊಲ ತೋರಿಸಿದರೆ ಜಾಸ್ತಿ ತೆರಿಗೆ, ಜಾಸ್ತಿ ಧಾನ್ಯ ಕೊಡಬೇಕು. ಹಾಗಾಗಿ ಹಳ್ಳಿಗಳು ಕಡಿಮೆ ಬರೆಸುತ್ತಿದ್ದವು. 'ಮು' ಅನ್ನೋ ಅವರ ಅಳತೆಯೂ ಊರಿಂದ ಊರಿಗೆ ಬದಲಾಗುತ್ತಿತ್ತು. ಆಮೇಲೆ 2009ರ ಸಮೀಕ್ಷೆಯಲ್ಲಿ ಸುಮಾರು 13.5 ಕೋಟಿ ಹೆಕ್ಟೇರ್, 2019ರ ಸಮೀಕ್ಷೆಯಲ್ಲಿ 12.8 ಕೋಟಿ. ಈ ಇಳಿಕೆ ಪೂರ್ತಿ ನಷ್ಟ ಅಂತ ಹೇಳೋ ಹಾಗೂ ಇಲ್ಲ. 1999ರಿಂದ ಅಲ್ಲಿನ ಸರ್ಕಾರವೇ ರೈತರಿಗೆ ಧಾನ್ಯ, ದುಡ್ಡು ಕೊಟ್ಟು ಗುಡ್ಡದ ಇಳಿಜಾರಿನ ಹೊಲಗಳನ್ನು ಕಾಡಿಗೆ ಬಿಡಿಸುತ್ತಾ ಬಂದಿದೆ. ಜೊತೆಗೆ 12 ಕೋಟಿ ಹೆಕ್ಟೇರ್‌ಗಿಂತ ಕೆಳಗೆ ಇಳಿಯಬಾರದು ಅಂತ ಒಂದು ಕೆಂಪು ಗೆರೆಯನ್ನೂ ಎಳೆದುಕೊಂಡಿದೆ.

ಅಂದ್ರೆ ಏರುವ ಗೆರೆ ಲಾಭ, ಇಳಿಯುವ ಗೆರೆ ನಷ್ಟ ಅಂತ ನಾವು ಓದೋದು ನಮ್ಮ ಅಭ್ಯಾಸ ಅಷ್ಟೇ. ಒಂದು ಕಡೆ ಗೆರೆ ಏರಿದ್ದು ಅಳತೆ ಬದಲಾಗಿದ್ದಕ್ಕೆ. ಇನ್ನೊಂದು ಕಡೆ ಇಳಿದಿದ್ದು ಬೇಕೂಂತಲೇ. ಹಾಗಾದ್ರೆ ಭಾರತದಲ್ಲಿ 1950ರಿಂದ 1970ರವರೆಗೆ ಹೆಚ್ಚಿದ ಎರಡು ಕೋಟಿ ಹೆಕ್ಟೇರ್ ಎಲ್ಲಿಂದ ಬಂತು? ನಮ್ಮ ದೇಶ ಎಲ್ಲಾ ನೆಲವನ್ನೂ ಒಂಬತ್ತು ಖಾನೆಗಳಲ್ಲಿ ಬರೆಯುತ್ತೆ. ಕಾಡು, ಕಟ್ಟಡ-ರಸ್ತೆ, ಬರಡು, ಕಾಯಂ ಹುಲ್ಲುಗಾವಲು, ಮರತೋಪು, ಸಾಗುವಳಿಗೆ ಬರಬಹುದಾದ ಪಾಳು, ಇತರೆ ಬೀಳು, ಚಾಲ್ತಿ ಬೀಳು, ಕೊನೆಗೆ ಬಿತ್ತಿದ ನೆಲ. ಆ ಇಪ್ಪತ್ತು ವರ್ಷದಲ್ಲಿ ಬರಡು, ಪಾಳು, ಬೀಳು, ಮರತೋಪು ಅಂತ ಬರೆದ ಖಾನೆಗಳೆಲ್ಲ ಕರಗಿದವು, ಕೊನೆಯ ಖಾನೆ ಬೆಳೆಯಿತು. ಬಿತ್ತುವ ಮೊದಲು ಆ ಪಾಳಿನಲ್ಲಿ ಯಾರು ಏನು ಮಾಡ್ತಾ ಇದ್ರು ಅನ್ನೋಕೆ ಹತ್ತನೇ ಖಾನೆ ಇಲ್ಲ.

ಖಾನೆಗಳ ನಿಯಮ ಓದುವಾಗ ನಮ್ಮ ಹೊಲ ನೆನಪಾಯ್ತು. ಈ ವರ್ಷ ಬಿತ್ತದಿದ್ದರೆ ಚಾಲ್ತಿ ಬೀಳು. ಒಂದು ವರ್ಷದಿಂದ ಐದು ವರ್ಷದವರೆಗೆ ಇತರೆ ಬೀಳು. ಐದು ದಾಟಿದರೆ ಪಾಳು. ನಮ್ಮದು ನಾಲ್ಕು ವರ್ಷದಿಂದ ಬೀಳು. ಇನ್ನೊಂದು ಮುಂಗಾರು ಹೀಗೇ ಕಳೆದರೆ ಅಜ್ಜ ಉತ್ತ ನೆಲ ಲೆಕ್ಕದಲ್ಲಿ ಪಾಳು ಅನ್ನಿಸಿಕೊಳ್ಳುತ್ತೆ.

ಹಬ್ಬಕ್ಕೆ ಊರಿಗೆ ಹೋದೆ. ಬೆಂಗಳೂರಿಂದ ಹಿರಿಯೂರು, ಅಲ್ಲಿ ಬಲಕ್ಕೆ ತಿರುಗಿದರೆ ಚಳ್ಳಕೆರೆ. ಶೇಂಗಾ ಬೆಳೆದು, ಎಣ್ಣೆ ತೆಗೆದು, ಒಂದು ಕಾಲಕ್ಕೆ ಎರಡನೇ ಬಾಂಬೆ ಅಂತ ಕರೆಸಿಕೊಂಡ ಊರು. ಅದರ ಆಚೆ ತಳಕು. ತಳಕು ದಾಟಿ ಬಿ.ಜಿ. ಕೆರೆ ಹತ್ತಿರ ಬಂದ್ರೆ ಮೊಳಕಾಲ್ಮೂರು ತಾಲ್ಲೂಕು ಶುರು. ಬಸ್ಸಿನಲ್ಲಿ ನಿದ್ದೆ ಮಾಡ್ತಾ ಇದ್ರೆ ಗೊತ್ತೇ ಆಗಲ್ಲ. ಎರಡೂ ಕಡೆ ಅದೇ ಕೆಂಪು ಮಣ್ಣು, ಅದೇ ಬಂಡೆಗುಡ್ಡ, ಅದೇ ಜಾಲಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ. ಮೊಳಕಾಲ್ಮೂರಿನ ಆಚೆ ಇರೋ ರಾಯದುರ್ಗ ಈಗ ಆಂಧ್ರ. ಮೈಸೂರು ಅರಸರ ಕಾಲಕ್ಕೆ ಅದು ಮದ್ರಾಸು ಪ್ರೆಸಿಡೆನ್ಸಿ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯ್ತು. ಮಳೆಯೂ ಕುರಿಯೂ ಆ ಗೆರೆಯನ್ನು ಕೇಳಿ ದಾಟಿದ್ದಿಲ್ಲ.

ಆದ್ರೆ ಕಳೆದ ಹದಿನೈದು ಇಪ್ಪತ್ತು ವರ್ಷದಲ್ಲಿ ಚಳ್ಳಕೆರೆಯ ಕಡೆ ಒಂದು ದೊಡ್ಡ ಬದಲಾವಣೆ ಆಗಿದೆ. ಅಲ್ಲಿ ಅಮೃತಮಹಲ್ ಕಾವಲುಗಳಿದ್ದವು. ಮೈಸೂರು ಅರಸರು ತಮ್ಮ ದನಗಳ ಮೇವಿಗೆ ಅಂತ ಮೀಸಲಿಟ್ಟ ಹುಲ್ಲುಗಾವಲು ಅವು. ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾಯ್ತು. ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನ ಮೇಯುತ್ತಿದ್ದದ್ದು ಅಲ್ಲೇ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುತ್ತಿದ್ದದ್ದೂ ಇಂಥ ಹುಲ್ಲನ್ನು ನಂಬಿ. ಚಳ್ಳಕೆರೆಯ ಸಂತೆಯ ಕರಿ ಕಂಬಳಿಗೆ ಬೇಕಾದ ಉಣ್ಣೆ ಬೆಳೆದದ್ದೂ ಈ ಹುಲ್ಲಿನ ಮೇಲೆಯೇ. 2008ರಿಂದ ಈಚೆಗೆ ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವಕ್ಕೆ ಹಂಚಿಕೆಯಾಯ್ತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ 2014ರಲ್ಲಿ ತೀರ್ಪೂ ಬಂತು.

ಇಲ್ಲಿ ನಾನು ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಚಂದ್ರಯಾನದ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷಿಸೋಕೆ ಇಸ್ರೊದವರು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಕುಳಿ ತೋಡಿದ್ದರು. 2023ರ ಆಗಸ್ಟ್ 23ರ ಸಂಜೆ ಆಫೀಸಿನ ದೊಡ್ಡ ಪರದೆ ಮುಂದೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. "ಅದು ನಮ್ಮ ಕಡೆ ಟೆಸ್ಟ್ ಮಾಡಿದ್ದು ಗೊತ್ತಾ" ಅಂತ ಪಕ್ಕದವರಿಗೆ ಹೇಳಿಕೊಂಡಿದ್ದೆ. ಆ ಹೆಮ್ಮೆ ಸುಳ್ಳಲ್ಲ, ಇವತ್ತಿಗೂ ಇದೆ. ಆದ್ರೆ ಸ್ಲೈಡ್ ಮಾಡಿದ ಮೇಲೆ ನನಗೆ ಹೊಳೆದ ವಿಷಯ ಬೇರೆ. ಇಷ್ಟು ನೆಲ ಕೈ ಬದಲಾದ್ರೂ ಚಳ್ಳಕೆರೆ ತಾಲ್ಲೂಕಿನ ಬಿತ್ತನೆ ಪ್ರದೇಶದ ಗೆರೆ ಅದರಿಂದ ಒಂದು ಕೂದಲಷ್ಟೂ ಅಲುಗುವುದಿಲ್ಲ. ಯಾಕಂದ್ರೆ ಕಾವಲು ಯಾವತ್ತೂ ಸಾಗುವಳಿ ಭೂಮಿ ಆಗಿರಲೇ ಇಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎರಡನ್ನೂ ಪಕ್ಕಪಕ್ಕ ಇಟ್ಟು ನಾನು ಮಾಡಿದಂಥದ್ದೇ ಸ್ಲೈಡ್ ಮಾಡಿದರೆ, ನೋಡಿದವರು "ಇಲ್ಲಿ ಏನೂ ಆಗಿಲ್ಲ" ಅಂತ ಮುಂದಿನ ಸ್ಲೈಡಿಗೆ ಹೋಗ್ತಾರೆ.

ಮಾರನೇ ದಿನ ಬೆಳಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋದೆ. ನಾಲ್ಕು ವರ್ಷದಿಂದ ಬಿತ್ತದೇ ಇರೋದಕ್ಕೆ ಕಾರಣ ಹೊಸದೇನಲ್ಲ. ಶೇಂಗಾ ಮೂರು ಸಲ ಕೈ ಕೊಟ್ಟಿತು. ಮೂರು ಬೋರ್ ಕೊರೆಸಿದ್ವಿ, ಒಂದರಲ್ಲಿ ಮಾತ್ರ ಒಂದು ವರ್ಷ ನೀರು ಬಂತು. ಸಾಲ ಉಳೀತು. ನಾನು, ತಂಗಿ ಬೆಂಗಳೂರು ಸೇರಿದ್ವಿ. ಅಪ್ಪನ ಮಂಡಿ ನೋವು ಜಾಸ್ತಿ ಆಯ್ತು. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ಹಾಕೋವಾಗ ಪ್ರತಿ ವರ್ಷ ನಾನೇ ಬೆಂಗಳೂರಿನಿಂದ ಫೋನ್‌ನಲ್ಲಿ ಹೇಳಿಕೊಡ್ತಿದ್ದೆ: "ಬೀಳು ಅಂತ ಒತ್ತಿ ಅಪ್ಪ."

ಹೋಗಿ ನೋಡಿದ್ರೆ ಹೊಲದಲ್ಲಿ ಕುರಿ. ನೂರಕ್ಕೂ ಮೇಲೆ ಇದ್ದವು. ಬೇವಿನ ಮರದ ಕೆಳಗೆ ಒಬ್ಬ ವಯಸ್ಸಾದ ಕುರಿಗಾಹಿ ಕಂಬಳಿ ಹಾಸ್ಕೊಂಡು ಕೂತಿದ್ದ. ಚಳ್ಳಕೆರೆ ಕಡೆಯವನು. ನಾನು ಚಿಕ್ಕವನಿದ್ದಾಗ ಶೇಂಗಾ ಕಿತ್ತ ಮೇಲೆ ನಮ್ಮ ಹೊಲದಲ್ಲಿ ರಾತ್ರಿ ಕುರಿಮಂದೆ ಹಾಕ್ತಿದ್ದವನು ಅವನೇ ಅಂತ ಅಪ್ಪ ಹೇಳಿದ್ರು. ಮಂದೆ ಗೊತ್ತಲ್ವಾ? ಕುರಿಗಳು ರಾತ್ರಿ ಹೊಲದಲ್ಲಿ ಮಲಗುತ್ತವೆ, ಹಿಕ್ಕೆ-ಗಂಜಲ ಬಿದ್ದು ಹೊಲಕ್ಕೆ ಗೊಬ್ಬರ ಆಗುತ್ತೆ, ಹೊಲದವರು ಕುರಿಗಾಹಿಗೆ ರಾಗಿ, ದುಡ್ಡು ಕೊಡ್ತಾರೆ. ಆಗ ವರ್ಷಕ್ಕೆ ನಾಲ್ಕು ರಾತ್ರಿ ಬರ್ತಿದ್ದವನು ಈಗ ತಿಂಗಳುಗಟ್ಟಲೆ ಇಲ್ಲೇ ಇರ್ತಾನಂತೆ. ಮೊದಲು ಮೇಯಿಸುತ್ತಿದ್ದ ಜಾಗಗಳು ಒಂದೊಂದಾಗಿ ಮುಚ್ಚಿವೆ. ಬಿತ್ತದೇ ಬಿಟ್ಟಿರೋ ನಮ್ಮಂಥವರ ಹೊಲಗಳೇ ಈಗ ಅವನ ಹುಲ್ಲುಗಾವಲು.

ನನ್ನ ಮಾತು ನನಗೇ ನೆನಪಾಯ್ತು. ಖಾಲಿ ಬಿದ್ದಿರೋ ಹೊಲ. ಯಾರಿಗೂ ನಷ್ಟ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕಂದ್ರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೊದಲನೆಯದು, ಹೊಲ ಯಾರದ್ದು? ಪಹಣಿಯಲ್ಲಿ ಅಪ್ಪನ ಹೆಸರಿದೆ, ಅಲ್ಲಿಗೆ ಮುಗೀತು. ಎರಡನೆಯದು, ಹೊಲ ಕೊಟ್ಟರೆ ಯಾರಿಗೆ ನಷ್ಟ? ನಾನು ಮೊದಲನೇ ಪ್ರಶ್ನೆಯ ಉತ್ತರವನ್ನೇ ಎತ್ತಿ ಎರಡನೆಯದಕ್ಕೂ ಕೊಟ್ಟಿದ್ದೆ. ಪಹಣಿಯಲ್ಲಿ ಹೆಸರಿಲ್ಲದವನಿಗೆ ನಷ್ಟ ಹೇಗೆ ಆಗುತ್ತೆ ಅನ್ನೋ ಧಾಟಿಯಲ್ಲಿ. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯ್ತು. ನೆಲ ಕೊಂಡುಕೊಳ್ಳದೇ ರೈತರಿಂದ ಗುತ್ತಿಗೆಗೆ ತೆಗೆದುಕೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರದ ತಾಲ್ಲೂಕಿನಲ್ಲಿ ಅದು ಕಡಿಮೆ ಮಾತಲ್ಲ. ಆದರೆ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಆ ಹೊಲದಲ್ಲಿ ಕೂಲಿ ಮಾಡ್ತಿದ್ದವರು, ಕುರಿ ಮೇಯಿಸ್ತಿದ್ದವರು ಯಾವ ಒಪ್ಪಂದದ ಯಾವ ಪುಟದಲ್ಲಿ ಸಹಿ ಹಾಕಬೇಕು?

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಒಂದು ನೆಲವನ್ನು ಬಳಸುವ ಪ್ರತಿಯೊಬ್ಬರಿಗೂ ಹಕ್ಕು ಕೊಡ್ತಾ ಹೋದರೆ ಜಗತ್ತಿನಲ್ಲಿ ಏನೂ ಬದಲಾಗೋಕೆ ಸಾಧ್ಯವಿಲ್ಲ. ಬೆಂಗಳೂರಿನಲ್ಲಿ ನಾನು ಎಸಿ ಕೆಳಗೆ ಕೂತು ಬರೆಯುವ ಈ ಬರಹಕ್ಕೂ ಎಲ್ಲಿಂದಲೋ ಕರೆಂಟ್ ಬರಬೇಕು. ಬದಲಾವಣೆ ಈ ನೆಲಕ್ಕೆ ಹೊಸದೂ ಅಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಬರೆಸಿದ ಶಾಸನ ಅದು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕಲ್ಲುಕೊಡಲಿ ಹಿಡಿದು ದನ ಸಾಕುತ್ತಿದ್ದವರ ನೆಲೆ ಅಡಿಯಲ್ಲಿ ಸಿಕ್ಕಿತು, ಅದರ ಮೇಲೆ ಆಮೇಲಿನವರ ನೆಲೆಗಳು. ದನದ ಹಟ್ಟಿ ಇದ್ದದ್ದು ಊರಾಗಿದೆ, ಊರಿದ್ದದ್ದು ಹೊಲವಾಗಿದೆ. ಹೊಲ ಸೋಲಾರ್ ಆಗೋದನ್ನ ತಡೆಯೋಕೆ ನಾನ್ಯಾರು?

ಈ ಆಕ್ಷೇಪವನ್ನು ನಾನು ಒಪ್ತೀನಿ. ಕುರಿಗಾಹಿಗೆ 'ಬೇಡ' ಅನ್ನೋ ಅಧಿಕಾರ ಇರಬೇಕು ಅಂತ ನಾನು ಹೇಳ್ತಿಲ್ಲ. ನನ್ನ ವಾದ ಅದಕ್ಕಿಂತ ಚಿಕ್ಕದು. ನಮ್ಮ ಪಾಲಿಗೆ ಲಾಭವಾಗುವ ಬದಲಾವಣೆಗೆ ಬೇರೊಬ್ಬ ಬೆಲೆ ಕೊಡ್ತಾ ಇದ್ದಾನೆ ಅಂದ್ರೆ, ಅವನು ಬೆಲೆ ಕೊಡ್ತಿದ್ದಾನೆ ಅಂತ ನಾವು ಒಪ್ಪಿಕೊಳ್ಳಬೇಕು. ಅವನಿಗೆ ಮೊದಲೇ ಹೇಳಬೇಕು. ಆಗುವಷ್ಟು ಆ ಬೆಲೆಯನ್ನು ಇಳಿಸಬೇಕು. "ಖಾಲಿ" ಅನ್ನೋ ಪದ ಈ ಮೂರನ್ನೂ ಒಂದೇ ಏಟಿಗೆ ತಪ್ಪಿಸಿಬಿಡುತ್ತೆ. ಖಾಲಿ ಅಂದ ಮೇಲೆ ಕೇಳೋಕೆ ಅಲ್ಲಿ ಯಾರೂ ಇರಲ್ಲ. ನಾನು ಸುಳ್ಳು ಹೇಳಿರಲಿಲ್ಲ, ಖಾನೆಯಲ್ಲಿ ಇದ್ದದ್ದನ್ನೇ ಹೇಳಿದ್ದೆ. ಆದ್ರೆ ಆ ಖಾನೆಯ ಪ್ರಶ್ನೆ "ಬಿತ್ತಿದ್ದೀರಾ?" ಅಂತ ಮಾತ್ರ. ಅದಕ್ಕೆ ಬಂದ "ಇಲ್ಲ" ಅನ್ನೋ ಉತ್ತರವನ್ನು "ಯಾರಾದ್ರೂ ಇದ್ದೀರಾ?" ಅನ್ನೋದಕ್ಕೆ ಬಂದ ಉತ್ತರ ಅಂತ ಓದಿಕೊಂಡವನು ನಾನು.

ಬೇವಿನ ಮರದ ಹತ್ತಿರ ಹೋಗಿ ಕೂತೆ. ವಿಷಯ ಹೇಳಿದೆ. ಅವನು ನನ್ನ ಮುಖ ನೋಡಿ ನಕ್ಕ.

"ನಿಮ್ ಹೊಲ, ನಿಮ್ಮಿಷ್ಟ. ನನ್ನನ್ ಯಾಕ್ ಕೇಳ್ತೀಯಪ್ಪಾ?"

ನನಗೆ ಮುಜುಗರ ಆಯ್ತು. ಏನೋ ದೊಡ್ಡ ನ್ಯಾಯ ಮಾಡೋಕೆ ಬಂದವನ ಹಾಗೆ ಕಾಣ್ತಿದ್ದೀನಿ ಅನ್ನಿಸ್ತು. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: "ಬೇಲಿ ಯಾವಾಗ ಹಾಕ್ತಾರೆ?"

"ಇನ್ನೂ ಸಹಿ ಆಗಿಲ್ಲ. ಆದ್ರೆ ಎರಡು ತಿಂಗಳಲ್ಲಿ ಹಾಕ್ಬೋದು."

"ಈಗ್ಲೇ ಹೇಳಿದ್ದು ಒಳ್ಳೇದಾತು," ಅಂದ. "ಹೋದ್ ವರ್ಷ ಇನ್ನೊಂದ್ ಕಡೆ ಹಿಂಗೇ ಆತು. ಬೆಳಗ್ಗೆ ಕುರಿ ಹೊಡ್ಕಂಡ್ ಹೋದ್ರೆ ತಂತಿ ಬಿಗ್ದೈತೆ. ಮೇವಿಲ್ದೆ ಮೂವತ್ತು ಕುರೀನ ಒಂದೇ ಸಂತೇಲಿ ಮಾರ್ದೆ. ಅವಸರಕ್ಕೆ ಮಾರಿದ್ರೆ ಏನ್ ರೇಟ್ ಸಿಗ್ತೈತೆ? ಯುಗಾದಿ ತನಕ ಬಿಟ್ರೆ ಈ ಮರಿಗಳು ಬಲೀತಾವೆ. ಆಮ್ಯಾಲೆ ನಾನು ಏನೋ ಒಂದ್ ನೋಡ್ಕಂತೀನಿ."

ಅವನು ಹೊಲ ಕೇಳಲಿಲ್ಲ, ಪರಿಹಾರ ಕೇಳಲಿಲ್ಲ. ಐದು ತಿಂಗಳು ಕೇಳಿದ. ಮುಂಚೆ ಗೊತ್ತಾದವನಿಗೂ ಆಮೇಲೆ ಗೊತ್ತಾದವನಿಗೂ ನಡುವೆ ಮೂವತ್ತು ಕುರಿಗಳ ರೇಟಿನ ವ್ಯತ್ಯಾಸ ಇದೆ ಅನ್ನೋದನ್ನ ನಾನು ಯಾವ ಕೋಷ್ಟಕದಲ್ಲೂ ನೋಡಿರಲಿಲ್ಲ.

ಕೊನೆಗೆ ಏನಾಯ್ತು ಅಂತ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾನು ಇರೋದಕ್ಕಿಂತ ಒಳ್ಳೆಯವನಾಗಿ ಕಾಣಿಸ್ತೀನಿ. ನಾವು ಹೊಲ ಕೊಟ್ವಿ. ಬೋರ್‌ವೆಲ್ ಸಾಲ ತೀರಿಸೋಕೆ ಬೇರೆ ದಾರಿ ಇರಲಿಲ್ಲ. ಅಪ್ಪನಿಗೂ ನಿದ್ದೆ ಬೇಕು. ಆದರೆ ಎರಡು ಷರತ್ತು ಹಾಕಿದ್ವಿ. ಬೇಲಿ ಯುಗಾದಿ ಆದ ಮೇಲೆ. ಮತ್ತೆ ಹಳ್ಳದ ಪಕ್ಕದ ಒಂದೂವರೆ ಎಕರೆ, ಬೇವಿನ ಮರ, ಗಾಡಿದಾರಿ ಗುತ್ತಿಗೆಯಿಂದ ಹೊರಗೆ. ಕಂಪನಿಯವರು ಎರಡು ವಾರ ಎಳೆದಾಡಿ ಒಪ್ಪಿದರು. ಒಂದೂವರೆ ಎಕರೆಯ ಬಾಡಿಗೆ ನಮಗೆ ಪ್ರತಿ ವರ್ಷ ಬಿಟ್ಟುಹೋಗುತ್ತೆ. ತಂಗಿ "ಇದ್ಯಾಕೆ?" ಅಂತ ಕೇಳಿದಳು. ವಿವರಿಸಿದೆ, ಅವಳು ಪೂರ್ತಿ ಒಪ್ಪಲಿಲ್ಲ. ಅವಳ ಪಾಲಿನ ದುಡ್ಡೂ ಅದರಲ್ಲಿ ಇರೋದ್ರಿಂದ ಅವಳ ಪ್ರಶ್ನೆಯೂ ನ್ಯಾಯವಾದದ್ದೇ. ಕುರಿಗಾಹಿ ಯುಗಾದಿ ಹೊತ್ತಿಗೆ ಅರ್ಧ ಹಿಂಡು ಮಾರಿದ. ರೇಟ್ ಪರವಾಗಿಲ್ಲ ಅಂತ ಅಪ್ಪನ ಹತ್ತಿರ ಹೇಳಿದನಂತೆ. ಉಳಿದ ಅರ್ಧಕ್ಕೆ ಒಂದೂವರೆ ಎಕರೆ ಸಾಲೋದಿಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಸ್ಲೈಡ್‌ನಲ್ಲಿ ಎರಡು ಗೆರೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: "ಬಿತ್ತನೆಯಾಗದ ನೆಲ ಬಳಕೆಯಲ್ಲಿಲ್ಲ ಎಂದು ಅರ್ಥವಲ್ಲ." ಮ್ಯಾನೇಜರ್ ಓದಿ, "ಇದು ಬೇಕಾ?" ಅಂದ್ರು. ಬೇಕು ಅಂದೆ. ಜಾಗ ಇದೆಯಲ್ಲ, ಇರಲಿ ಬಿಡು ಅಂದ್ರು.

ಈ ಸಲ ಬೆಳೆ ಸಮೀಕ್ಷೆಗೆ ಅಪ್ಪ ಮತ್ತೆ ಫೋನ್ ಮಾಡಿದ್ರು. ಉಳಿದ ಒಂದೂವರೆ ಎಕರೆಗೆ ಏನಂತ ಒತ್ತಲಿ ಅಂತ ಕೇಳಿದ್ರು. ಆ್ಯಪ್‌ನಲ್ಲಿ ಕುರಿ ಅನ್ನೋ ಆಯ್ಕೆ ಇಲ್ಲ. ಬೀಳು ಅಂತಲೇ ಒತ್ತೋಕೆ ಹೇಳಿದೆ. ಆಮೇಲೆ, ಕುರಿಯವನು ಬಂದಿದ್ನಾ ಅಂತ ಕೇಳಿದೆ.

"ಇಲ್ಲೇ ಮರದ ಕೆಳಗೆ ಕೂತವ್ನೆ," ಅಂದ್ರು ಅಪ್ಪ.